ಚೀಟಿಯಲ್ಲಿದ್ದ ಕೋರ್ಸು

ಧಾರವಾಡದಲ್ಲಿ ಓದು, ನೌಕರಿಯ ಸಲಹೆ ಕೇಳಿ ನನ್ನ ಬಳಿ ಬರುವವರಲ್ಲಿ ಜಾಸ್ತಿ ಮಂದಿ ಸರ್ಕಾರಿ ನೌಕರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಈ ಹುಡುಗಿ ಬಂದದ್ದು ಬೇರೆ ಕಾರಣಕ್ಕೆ. ಹೆಸರು, ಊರು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ, ಬರೆಯಲು ಅವಳೇ ಒಪ್ಪಿದ್ದಾಳೆ. ಹಾವೇರಿ ಜಿಲ್ಲೆಯ ಒಂದು ಹಳ್ಳಿ, ವಯಸ್ಸು 21, ಬಿಎಸ್ಸಿ ಆಗಷ್ಟೇ ಮುಗಿದಿತ್ತು. ಜೊತೆಗೆ ಅಪ್ಪ ಬಂದಿದ್ದರು. ಮೆಣಸಿನಕಾಯಿ ಬೆಳೆಯುತ್ತಾರೆ, ಬ್ಯಾಡಗಿ ಮಾರುಕಟ್ಟೆಗೆ ಒಯ್ದು ಮಾರುತ್ತಾರೆ.

ಕೂತ ಕೂಡಲೇ ಅಪ್ಪ ಕಿಸೆಯಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. 'ಎಂಎಸ್ಸಿ ಮೆಡಿಸಿನಲ್ ಬಯೋಕೆಮಿಸ್ಟ್ರಿ' ಎಂದು ಬರೆದಿತ್ತು, ಕೆಳಗೆ ಒಂದು ಫೋನ್ ನಂಬರು. ಸೀಟು ಕೊಡಿಸುವ ಏಜೆಂಟ್ ಒಬ್ಬ ಬರೆದುಕೊಟ್ಟಿದ್ದನಂತೆ. "ಇದನ್ನ ಓದಿದ್ರ ಡಾಕ್ಟರ್ ಸಮಾನ ಆಗ್ತಾಳ ಅಂದಾರ್ರಿ ಮೇಡಂ. ಎರಡು ಎಕರೆ ಒತ್ತಿ ಹಾಕಿದ್ರೂ ಅಡ್ಡಿಯಿಲ್ಲ, ಓದಸ್ತೀನಿ" ಎಂದರು. ಹುಡುಗಿ ನೆಲ ನೋಡುತ್ತಾ ಕೂತಿದ್ದಳು.

ಅವತ್ತು ನಾನೊಂದು ತಪ್ಪು ಮಾಡಿದೆ. ಅವಳು ಯಾಕೆ ಸುಮ್ನೆ ಇದ್ದಾಳೆ ಎಂದು ಕೇಳದೆ, ಅರ್ಧ ಗಂಟೆ ಕೋರ್ಸುಗಳ ಬಗ್ಗೆ ಹೇಳಿ ಕಳಿಸಿದೆ. ಎರಡನೇ ಸಲ ಅವಳೊಬ್ಬಳೇ ಬಂದಳು. ಆಗ ಕೇಳಿದೆ, "ನೀಟ್ ಬರೆದಿದ್ಯಾ?" ಅಷ್ಟಕ್ಕೇ ಅತ್ತುಬಿಟ್ಟಳು. ಎರಡು ಸಲ ಬರೆದಿದ್ದಳು. ಎರಡನೇ ಸಲ ಫಲಿತಾಂಶ ಬಂದ ಮೇಲೆ ಒಂದು ವಾರ ಓಣಿಯಲ್ಲಿ ಮುಖ ತೋರಿಸಿರಲಿಲ್ಲ. ಆಮೇಲೆ ಬಿಎಸ್ಸಿ ಸೇರಿದಳು, ಆದರೆ ಆ ಮೂರು ವರ್ಷವನ್ನೂ ಶಿಕ್ಷೆ ಅಂತಲೇ ಕಳೆದಿದ್ದಳು. ಡಾಕ್ಟರ್ ಸಮಾನ ಎಂಬ ಮಾತು ಅಪ್ಪನಿಗಿಂತ ಅವಳಿಗೇ ಜಾಸ್ತಿ ಬೇಕಿತ್ತು.

ಆ ದಿನ ಕೋರ್ಸಿನ ಮಾತೇ ಎತ್ತಲಿಲ್ಲ. ಈ ಮೂರು ವರ್ಷದಲ್ಲಿ ಪರೀಕ್ಷೆಗೆ ಅಂತಲ್ಲದೆ, ಇಷ್ಟಪಟ್ಟು ಓದಿದ್ದು ಏನಾದರೂ ಇದೆಯಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು "ಎಚ್‌ಬಿಎ1ಸಿ" ಅಂದಳು. ಅದು ಸಕ್ಕರೆ ಕಾಯಿಲೆಯವರಿಗೆ ಮಾಡುವ ಒಂದು ರಕ್ತ ಪರೀಕ್ಷೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ತಪಾಸಣೆಗೆ ಎರಡು ದಿನ ಮೊದಲು ಸಿಹಿ, ಅನ್ನ ಎಲ್ಲ ಬಿಟ್ಟುಬಿಡುತ್ತಿದ್ದರು, ರಿಪೋರ್ಟು ಚೆನ್ನಾಗಿ ಬರುತ್ತಿತ್ತು. ರಕ್ತದ ಸಕ್ಕರೆ ಕೆಂಪು ಕಣದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ, ಆ ಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ ಎಂದು ತರಗತಿಯಲ್ಲಿ ಕೇಳಿದ ಸಂಜೆಯೇ ಮನೆಗೆ ಫೋನ್ ಮಾಡಿ ಅಪ್ಪನನ್ನು ಹಿಡಿದುಹಾಕಿದ್ದಳಂತೆ. ಹೇಳುವಾಗ ಮೊದಲ ಸಲ ನಕ್ಕಳು. ಅವಳ ಕೈಗಳು ಆಡತೊಡಗಿದವು, ಮೇಜಿನ ಮೇಲೆ ಬೆರಳಿನಿಂದ ಕಣದ ಚಿತ್ರ ಬರೆದು ತೋರಿಸಿದಳು. ನನಗೆ ಬೇಕಿದ್ದದ್ದು ಅದೇ.

ಹುಬ್ಬಳ್ಳಿಯಲ್ಲಿ ಪರಿಚಯದವರ ಒಂದು ಲ್ಯಾಬ್ ಇದೆ. ಎರಡು ದಿನ ಅಲ್ಲಿ ಕೂತು ನೋಡಿಕೊಂಡು ಬಾ ಎಂದೆ. ಬಂದವಳು ನಿಲ್ಲಿಸದೆ ಮಾತಾಡಿದಳು. ಬೆಳಿಗ್ಗೆ ರೋಗಿಯ ಸ್ಯಾಂಪಲ್ ಮುಟ್ಟುವ ಮೊದಲು ಕಂಟ್ರೋಲ್, ಅಂದರೆ ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್, ಓಡಿಸಿ ಯಂತ್ರ ಸರಿಯಿದೆಯಾ ನೋಡುತ್ತಾರೆ. ಒಂದು ಸ್ಯಾಂಪಲ್‌ನಲ್ಲಿ ಕೆಂಪು ಕಣ ಒಡೆದು ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಕೆಂಪಾಗಿತ್ತು, ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಇಲ್ಲದ ಏರಿಕೆ ತೋರಿಸುತ್ತದೆ ಎಂದು ಅದನ್ನು ತಿರಸ್ಕರಿಸಿ ಮತ್ತೆ ರಕ್ತ ತರಿಸಿದರು. ಇನ್ನೊಂದು ಮಾತು ಅವಳನ್ನು ಬಹಳ ಕಾಡಿತ್ತು. ಸಕ್ಕರೆ ಪರೀಕ್ಷೆಗೆ ಬೂದು ಮುಚ್ಚಳದ ಟ್ಯೂಬ್ ಬೇಕು. ಅದರಲ್ಲಿ ಸಕ್ಕರೆ ಕಡಿಮೆಯಾಗದಂತೆ ತಡೆಯುವ ಸೋಡಿಯಂ ಫ್ಲೋರೈಡ್ ಇರುತ್ತದೆ. ಸಾದಾ ಟ್ಯೂಬಿನಲ್ಲಿಟ್ಟರೆ ರಕ್ತದ ಕಣಗಳೇ ಸಕ್ಕರೆ ತಿನ್ನುತ್ತಾ ಹೋಗುತ್ತವೆ, ಗಂಟೆಗೆ ಶೇಕಡಾ 5ರಿಂದ 7ರಷ್ಟು ಕಡಿಮೆಯಾಗುತ್ತದೆ. "ನಮ್ಮೂರಾಗ ಅಪ್ಪಂದು ಕೆಂಪು ಮುಚ್ಚಳದ ಟ್ಯೂಬಿನ್ಯಾಗ ತಗೀತಾರ್ರಿ, ಪ್ಯಾಟಿಗೆ ಮುಟ್ಟೂದ್ರಾಗ ಮಧ್ಯಾಹ್ನ ಆಗಿರತೈತಿ. ಹಂಗಾದ್ರ ಇಷ್ಟು ವರ್ಷದ ರಿಪೋರ್ಟ್?" ಎಂದು ನನ್ನನ್ನೇ ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಆಮೇಲೆಯೇ ನಾನು ಸಲಹೆ ಕೊಟ್ಟದ್ದು, ಅದೂ ಅಪ್ಪನನ್ನು ಕೂರಿಸಿಕೊಂಡು. ಚೀಟಿಯಲ್ಲಿದ್ದ ಹೆಸರು ಎರಡು ಓದುಗಳ ಕಲಬೆರಕೆ. ಮೆಡಿಸಿನಲ್ ಕೆಮಿಸ್ಟ್ರಿ ಎಂದರೆ ಔಷಧದ ಅಣುವನ್ನು ರೂಪಿಸಿ ತಯಾರಿಸುವ ವಿದ್ಯೆ. ಮೆಡಿಕಲ್ ಬಯೋಕೆಮಿಸ್ಟ್ರಿ ಎಂದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ಓದು, ವೈದ್ಯಕೀಯ ಕಾಲೇಜಿನೊಳಗೆ ನಡೆಯುವ ಎಂಎಸ್ಸಿ, ಸಾಮಾನ್ಯವಾಗಿ 3 ವರ್ಷ, ಮೊದಲು ಅಂಗರಚನೆ, ಶರೀರಕ್ರಿಯೆ ಎಲ್ಲ ಓದಿಸುತ್ತಾರೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಂಥ ಕಡೆ ಇರುವುದು ಬರೀ ಬಯೋಕೆಮಿಸ್ಟ್ರಿ, 2 ವರ್ಷ. ಇವುಗಳಲ್ಲಿ ಯಾವುದನ್ನು ಓದಿದರೂ ರೋಗಿಗೆ ಔಷಧ ಬರೆಯುವ ಹಾಗಿಲ್ಲ. ಇದನ್ನು ನಾನು ಒರಟಾಗಿಯೇ ಹೇಳಿದೆ, ಮೆತ್ತಗೆ ಹೇಳಿದರೆ ಆ ಆಸೆ ಇನ್ನೂ ಮೂರು ವರ್ಷ ಅವಳನ್ನು ತಿನ್ನುತ್ತಿತ್ತು.

ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಬಹುದು ಎಂದು ಏಜೆಂಟ್ ಹೇಳಿದ್ದ. ಅದು ಪೂರ್ತಿ ಸುಳ್ಳಲ್ಲ. ಹಿಂದೆ ಬಯೋಕೆಮಿಸ್ಟ್ರಿ ವಿಭಾಗದ ಅರ್ಧದಷ್ಟು ಅಧ್ಯಾಪಕರು ಎಂಬಿಬಿಎಸ್ ಅಲ್ಲದವರು ಇರಬಹುದಿತ್ತು. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಶೇಕಡಾ 15ಕ್ಕೆ ಇಳಿಸಿತು, 2025ರಲ್ಲಿ ಅಧ್ಯಾಪಕರ ಅರ್ಹತೆಗೆ ಮತ್ತೆ ಹೊಸ ನಿಯಮ ತಂದಿತು. ಹೀಗೆ ಬದಲಾಗುವ ಒಂದೇ ಬಾಗಿಲು ನಂಬಿ ಹೊಲ ಒತ್ತಿ ಹಾಕಬೇಡಿ ಎಂದೆ. ಆ ಕೆಲಸಕ್ಕೆ ಎಂಎಸ್ಸಿ ಒಂದೇ ಸಾಲದು, ಪಿಎಚ್‌ಡಿ ಬೇಕು. ಬಯೋಕೆಮಿಸ್ಟ್ರಿ ಎಂಎಸ್ಸಿ ಮಾಡಿದವರು ಲೈಫ್ ಸೈನ್ಸ್ ವಿಷಯದಲ್ಲಿ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬಹುದು. ಅದರಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ ಇದೆ, ಅಪ್ಪನ ಕೈ ನೋಡದೆ ಪಿಎಚ್‌ಡಿ ಮಾಡಬಹುದು. ಹೆಸರಿನ ಮುಂದೆ ಡಾಕ್ಟರ್ ಎಂದು ಬರುವುದೂ ಆ ದಾರಿಯಲ್ಲಿಯೇ.

ಅಪ್ಪ ಹಣದ ಮಾತಿಗಿಂತ ಒಂದನ್ನು ಪದೇ ಪದೇ ಕೇಳಿದರು, "ನೌಕರಿ ಸಿಗತೈತೇನ್ರಿ?" ಗ್ಯಾರಂಟಿ ಇಲ್ಲ, ಶುರುವಿನ ಲ್ಯಾಬ್ ಸಂಬಳ ಕಡಿಮೆಯೇ ಇರುತ್ತದೆ ಎಂದು ಇದ್ದದ್ದನ್ನೇ ಹೇಳಿದೆ. ಯಾವ ಕಾಲೇಜಿಗೆ ದುಡ್ಡು ಕಟ್ಟುವ ಮೊದಲೂ ಅಲ್ಲಿ ಎರಡು ವರ್ಷ ಹಿಂದೆ ಮುಗಿಸಿದ ಮೂರು ಜನರ ಜೊತೆ ಮಾತಾಡಿ, ಈಗ ಏನು ಮಾಡುತ್ತಿದ್ದಾರೆ ಕೇಳಿ, ಅವರ ನಂಬರು ಕೊಡಲು ಕಾಲೇಜು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ ಎಂದೆ. ಸೋದರಮಾವ ಮದುವೆಗೆ ಅವಸರ ಮಾಡುತ್ತಿದ್ದರಂತೆ. ಅದಕ್ಕೆ ಅಪ್ಪನೇ "ಎರಡು ವರ್ಷ ತಡೀರಿ ಅಂತೀನಿ" ಎಂದರು, ನಾನು ಬಾಯಿ ಹಾಕಬೇಕಾಗಲಿಲ್ಲ.

ಹುಡುಗಿಗೆ ಬೇರೆಯಾಗಿ ಹೇಳಿದ್ದು ಇಷ್ಟು. ಊರಲ್ಲಿ ಯಾರಾದರೂ "ಡಾಕ್ಟರ್ ಆದೇನವಾ?" ಎಂದರೆ "ಇಲ್ಲ, ನಾನು ರಕ್ತ ಪರೀಕ್ಷೆಯ ಓದು ಓದುತ್ತಿದ್ದೇನೆ" ಅಂತ ಜೋರಾಗಿ ಹೇಳು. ನನ್ನೆದುರೇ ನಾಲ್ಕು ಸಲ ಹೇಳಿಸಿದೆ. ಮೊದಲ ಸಲ ದನಿಯೇ ಹೊರಡಲಿಲ್ಲ.

2 ವರ್ಷದ ಬಯೋಕೆಮಿಸ್ಟ್ರಿಗೆ ಅರ್ಜಿ ಹಾಕಿದಳು, ಸೀಟು ಸಿಕ್ಕಿತು, ಹೊಲ ಹಾಗೆಯೇ ಇದೆ. ನೀಟ್ ನೆನಪು ಹೋಗಿಲ್ಲ, ಫಲಿತಾಂಶದ ಸುದ್ದಿ ಬರುವ ದಿನ ಈಗಲೂ ಫೋನ್ ಆಫ್ ಮಾಡುತ್ತಾಳೆ. ಹೋದ ತಿಂಗಳು ಬಂದಿದ್ದಳು. ಅಪ್ಪ ಈಗ ರಕ್ತ ಕೊಡಲು ಹೋದಾಗ ಬೂದು ಮುಚ್ಚಳದ ಟ್ಯೂಬ್ ಕಾಣುವವರೆಗೆ ತೋಳು ಮಡಚಿಕೊಂಡೇ ಕೂತಿರುತ್ತಾರಂತೆ.