ಅನುಮಾನಿಸಿದವರಷ್ಟೇ ಸತ್ಯವಂತರೇ?

ಆತ್ಮೀಯರೇ,

ನಿಮ್ಮ 'ದೇವರೊಡನೆ ಜಗಳವಾಡುವ ಗಿಟಾರು' ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಅಮೆರಿಕದ ಗಾಯಕರಾದ ಸೂಫ್ಯಾನ್ ಸ್ಟೀವನ್ಸ್ ಮತ್ತು ಡೇವಿಡ್ ಬಜಾನ್ ಅವರನ್ನು ಆರಿಸಿಕೊಂಡಿದ್ದೀರಿ, ಒಳ್ಳೆಯ ಆಯ್ಕೆ. ನಿಮ್ಮ ವಾದ ಇಷ್ಟು: ಅಲ್ಲಿನ ನ್ಯಾಶ್‌ವಿಲ್ ನಗರದ ಕ್ರೈಸ್ತ ಸಂಗೀತೋದ್ಯಮ ದೇವರನ್ನು ಬರೀ ಹೊಗಳುತ್ತದೆ, ಆದ್ದರಿಂದ ಅದು ಸುಳ್ಳು, ದೊಡ್ಡ ಕಂಪನಿಗಳ ಹಂಗಿಲ್ಲದ ಈ ಇಂಡೀ ಗಾಯಕರು ಅನುಮಾನಿಸುತ್ತಾರೆ, ಆದ್ದರಿಂದ ಪ್ರಾಮಾಣಿಕರು. ನನ್ನ ತಕರಾರು ಇರುವುದೇ ಇಲ್ಲಿ. ಅನುಮಾನಪಟ್ಟವರೆಲ್ಲ ಸತ್ಯವಂತರು ಅನ್ನುವುದಾದರೆ ಹಾಡು ಕೇಳುವ ಅಗತ್ಯವೇ ಇಲ್ಲ, ಗಾಯಕರ ಸಂದರ್ಶನ ಓದಿದರೆ ಸಾಕು. ನೀವು ಬಹುಮಟ್ಟಿಗೆ ಮಾಡಿರುವುದೂ ಅದನ್ನೇ.

ಸ್ಟೀವನ್ಸ್ ಅವರ 2004ರ 'ಸೆವೆನ್ ಸ್ವಾನ್ಸ್' ಆಲ್ಬಮ್ಮನ್ನು ನೀವು ಮುಟ್ಟಿಯೇ ಇಲ್ಲ. ಬೈಬಲಿನ ಅಬ್ರಹಾಮ ಮಗನನ್ನು ಬಲಿಕೊಡಲು ಹೊರಟದ್ದು, ಬೆಟ್ಟದ ಮೇಲೆ ಕ್ರಿಸ್ತನ ರೂಪಾಂತರ, ಇವನ್ನೆಲ್ಲ ಅಲ್ಲಿ ಮೆಲುದನಿಯಲ್ಲಿ, ಬ್ಯಾಂಜೊ ಜೊತೆಗೆ ಹಾಡಿದ್ದಾರೆ. ಜಗಳವೇನೂ ಇಲ್ಲ. ನಿಮ್ಮ ವಾದಕ್ಕೆ ಒಗ್ಗಲಿಲ್ಲ ಅಂತ ಬಿಟ್ಟಿರೇನೋ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ನಂಬಿದವನು ಮುಜುಗರವಿಲ್ಲದೆ, ಬೋಧನೆಯೂ ಇಲ್ಲದೆ ಹಾಡುವುದು ಹೇಗೆ ಅನ್ನುವುದು ಸಣ್ಣ ಪ್ರಶ್ನೆಯಲ್ಲ.

ಇನ್ನು 2005ರ 'ಇಲಿನಾಯ್' ಆಲ್ಬಮ್ಮಿನ 'ಕ್ಯಾಸಿಮಿರ್ ಪುಲಾಸ್ಕಿ ಡೇ'. ಅದನ್ನು 'ಮನಕಲಕುವ, ಆಳವಾದ, ಅಪ್ಪಟ ಹಾಡು' ಎಂದು ಬರೆದು ಮುಂದೆ ಹೋಗಿದ್ದೀರಿ. ಹಾಡಿನೊಳಗೆ ಏನಾಗುತ್ತದೆ ಹೇಳಿ. ಮೂಳೆ ಕ್ಯಾನ್ಸರ್ ಬಂದ ಗೆಳತಿ. ಮಂಗಳವಾರ ರಾತ್ರಿ ಬೈಬಲ್ ಸ್ಟಡಿಯಲ್ಲಿ ಎಲ್ಲರೂ ಕೈಯೆತ್ತಿ ಅವಳಿಗಾಗಿ ಪ್ರಾರ್ಥಿಸುತ್ತಾರೆ, ಏನೂ ಆಗುವುದಿಲ್ಲ. ಅವಳು ಸಾಯುವುದು ರಜಾದಿನ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಮಡಿದ ಪೋಲೆಂಡಿನ ಸೇನಾನಿಯೊಬ್ಬನ ನೆನಪಿಗೆ ಇಲಿನಾಯ್ ರಾಜ್ಯದವರು ಮಾರ್ಚ್ ಮೊದಲ ಸೋಮವಾರ ಆಚರಿಸುವ ರಜೆ ಅದು; ಹೊರಗಿನವರಿಗೆ ಅದರ ಗಂಧಗಾಳಿಯೂ ಇರಲಾರದು. ಇಂಥ ಸ್ಥಳೀಯ ದಿನವೊಂದನ್ನು ಹಿಡಿದದ್ದರಿಂದಲೇ ಸಾವು ನಂಬುವ ಹಾಗಿದೆ. ಕೊನೆಯಲ್ಲಿ ದೇವರು ಕಿತ್ತುಕೊಳ್ಳುತ್ತಲೇ ಇದ್ದಾನೆ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಯೆಹೋವನೇ ಕೊಟ್ಟ, ಯೆಹೋವನೇ ತೆಗೆದುಕೊಂಡ ಎಂದು ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬ ಹೇಳಿದ್ದನಲ್ಲ, ಅದರ ಅರ್ಧ ಮಾತ್ರ ಇಲ್ಲಿ ಉಳಿದಿದೆ ಎಂದು ನನಗನ್ನಿಸುತ್ತದೆ.

ಯೋಬನ ಹೆಸರೆತ್ತಿದ್ದಕ್ಕೆ ಕಾರಣವಿದೆ. ಬಜಾನ್ ನಂಬಿಕೆಯಿಂದ ಹೊರಬಂದ ಮೇಲೆ 2009ರಲ್ಲಿ ತಂದ 'ಕರ್ಸ್ ಯುವರ್ ಬ್ರಾಂಚಸ್' ಆಲ್ಬಮ್ಮಿನ ಕೊನೆಯ ಹಾಡಿನಲ್ಲೂ ಅದೇ ಯೋಬ ಇದ್ದಾನೆ. ಅವನು ಪ್ರಶ್ನೆ ಕೇಳಿದಾಗ 'ನನ್ನನ್ನು ಕೇಳೋಕೆ ನೀನ್ಯಾರು' ಅಂದೆಯಲ್ಲ, ಉತ್ತರ ಯೋಚಿಸಿಟ್ಟುಕೊಳ್ಳದವರು ಹಾಗೆ ರೇಗುತ್ತಾರೆ ಎಂದು ಬಜಾನ್ ದೇವರ ಮುಖಕ್ಕೇ ಹೇಳುತ್ತಾರೆ. ಈಗ ಎರಡೂ ಹಾಡನ್ನು ಅಕ್ಕಪಕ್ಕ ಇಟ್ಟು ಕೇಳಿ. ನಂಬಿಕೆ ಬಿಟ್ಟವರು ದೇವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದ್ದಾರೆ. ನಂಬಿಕೆ ಬಿಡದ ಸ್ಟೀವನ್ಸ್ ಮಾತಾಡುವುದು ಸತ್ತ ಹುಡುಗಿಯ ಜೊತೆ. ದೇವರು ಅಲ್ಲಿ 'ಅವನು', ಮೂರನೆಯವನು. ನಂಬುವವರು ಒಂದು ಕಡೆ, ಅನುಮಾನಿಸುವವರು ಇನ್ನೊಂದು ಕಡೆ ಅನ್ನುವ ನಿಮ್ಮ ಗೆರೆ ಇಲ್ಲಿ ನಿಲ್ಲುವುದಿಲ್ಲ. ಲೇಖನ ಇರುವುದು ಇಲ್ಲೇ, ಇದನ್ನು ಬೆಳೆಸಿ.

ಬಜಾನ್ ಅದೇ ವರ್ಷ ಇಲಿನಾಯ್‌ನ ಬುಶ್ನೆಲ್ ಬಳಿ ನಡೆಯುತ್ತಿದ್ದ ಕಾರ್ನರ್‌ಸ್ಟೋನ್ ಎಂಬ ಕ್ರೈಸ್ತ ಸಂಗೀತೋತ್ಸವದಲ್ಲಿ ಹಾಡಿದರು. ತಮ್ಮ ನಂಬಿಕೆಯನ್ನೇ ಅಲುಗಿಸುವ ಹಾಡುಗಳನ್ನು ಭಕ್ತರು ಕೂತು ಕೇಳಿದರು. 'ಚರ್ಚಿನವರಿಗೆ ಇಂಥದ್ದು ಸಹಿಸಲಾಗದು' ಎಂಬ ನಿಮ್ಮ ಸಾಲಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಇಂಥ ದನಿ ಕ್ರೈಸ್ತ ಹಾಡಿನಲ್ಲಿ ಇದೇ ಮೊದಲು ಎಂದಿರುವುದೂ ತಪ್ಪು. ಬೈಬಲಿನ 88ನೆಯ ಕೀರ್ತನೆ ತೆರೆದು ನೋಡಿ: ಮೊರೆಯಿಟ್ಟು ಮೊರೆಯಿಟ್ಟು ಕಡೆಗೆ ಕತ್ತಲಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ.

ಕೊನೆಯ ಪುಟದಲ್ಲಿ 'ನಮ್ಮ ಬಸವಣ್ಣನವರೂ ಹೀಗೆಯೇ' ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಸಂಪಾದಕರನ್ನು ಒಲಿಸಲು ಹಚ್ಚಿದ ಒಗ್ಗರಣೆ ಅದು, ತೆಗೆಯಿರಿ. ಹೋಲಿಕೆ ಬೇಕೇ ಬೇಕೆಂದರೆ ದಾಸರ ನಿಂದಾಸ್ತುತಿ ಹತ್ತಿರದ್ದು. ಅಲ್ಲೂ ವ್ಯತ್ಯಾಸ ಹೇಳಬೇಕಾಗುತ್ತದೆ: ದಾಸರು ಬೈಯುವುದು ಸಲುಗೆಯಿಂದ, ಬಜಾನ್ ಬೈಯುವುದು ಸಲುಗೆ ಮುರಿದ ಮೇಲೆ.

ನ್ಯಾಶ್‌ವಿಲ್ ಉದ್ಯಮದ ಮೇಲಿನ ಸಿಟ್ಟನ್ನು ಒಂದು ಪ್ಯಾರಾಕ್ಕೆ ಇಳಿಸಿ. ಸ್ಟೀವನ್ಸ್ ತಮ್ಮ ಬಹುಪಾಲು ಹಾಡುಗಳನ್ನು ಹೊರತಂದದ್ದು 'ಆಸ್ತಮ್ಯಾಟಿಕ್ ಕಿಟ್ಟಿ' ಎಂಬ ಧ್ವನಿಮುದ್ರಣ ಸಂಸ್ಥೆಯಿಂದ, ಅದನ್ನು ಕಟ್ಟಿದ್ದು ಅವರೂ ಅವರ ಮಲತಂದೆಯೂ. ಬಜಾನ್ ಅಭಿಮಾನಿಗಳ ಮನೆಯ ಹಜಾರಗಳಲ್ಲಿ ಒಂದೇ ಗಿಟಾರು ಹಿಡಿದು ಹಾಡಿಕೊಂಡು ಊರೂರು ತಿರುಗಿದವರು. 'ಸ್ವತಂತ್ರ' ಎಂದು ಸಾಲುಸಾಲಾಗಿ ಬರೆಯುವ ಬದಲು ಈ ವಿವರ ಹಾಕಿ. ಅವರ ಖಾಸಗಿ ಬದುಕಿನ ಪ್ಯಾರಾಗಳು ಬೇಡ. ಇಡೀ ಹಾಡುಗಳ ಅನುವಾದವನ್ನೂ ಅನುಮತಿಯಿಲ್ಲದೆ ಹಾಕುವಂತಿಲ್ಲ; ನಿಮ್ಮ ಮಾತಿನಲ್ಲೇ ಹಾಡಿನ ಕಥೆ ಹೇಳಿ.

ಸಾವಿರದಿನ್ನೂರು ಪದಗಳೊಳಗೆ ಮತ್ತೆ ಬರೆದು ಕಳಿಸಿ, ಅವಸರವೇನಿಲ್ಲ. ಬರೆಯುವ ಮುಂಚೆ 'ಸೆವೆನ್ ಸ್ವಾನ್ಸ್' ಪೂರ್ತಿ ಕೇಳಿ. ಅದು ನಿಮಗೆ ಹಿಡಿಸದೇ ಹೋದರೆ ಯಾಕೆ ಹಿಡಿಸಲಿಲ್ಲ ಅನ್ನುವುದನ್ನೂ ಬರೆಯಿರಿ.

ನಿಮ್ಮ,
ಸಂಪಾದಕ