ತೊಗರಿ ಸಾಲಿನ ನಡುವೆ ನಾಲ್ಕು ಗಿಡ

ಪ್ರಶ್ನೆ: ವಕೀಲರೇ, ನಮ್ಮದು ಮಾನ್ವಿ ತಾಲ್ಲೂಕು, ಐದು ಎಕರೆ ತೊಗರಿ. ಕೆನಡಾ, ಜರ್ಮನಿಯಲ್ಲಿ ಗಾಂಜಾಕ್ಕೆ ಅನುಮತಿ ಕೊಟ್ಟಿದ್ದಾರಂತೆ. ನಮ್ಮಲ್ಲೂ ಕೊಟ್ಟರೆ ದಂಧೆಯವರ ಆಟ ನಿಲ್ಲುವುದಿಲ್ಲವೇ? ಮೊನ್ನೆ ಒಬ್ಬ ಬಂದು, ‘ಸಾಲಿನ ನಡುವೆ ನಾಲ್ಕು ಗಿಡ ಹಾಕು, ಬೀಜ ನಮ್ದು, ರೊಕ್ಕ ಮುಂಗಡ’ ಅಂದ.
– ಹೆಸರು ಬೇಡ

ಉತ್ತರ: ಕೆನಡಾ ಆಮೇಲೆ. ಆ ಮುಂಗಡ ಇಸ್ಕೊಂಡಿಲ್ಲ ತಾನೆ?

1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾನೂನಿನಲ್ಲಿ, ಗಾಂಜಾ ಇಟ್ಟುಕೊಂಡವನಿಗೆ ತೂಕದ ಲೆಕ್ಕವಿದೆ. 1 ಕಿಲೋವರೆಗೆ ಹೆಚ್ಚೆಂದರೆ 1 ವರ್ಷ. 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ. ಬೆಳೆದವನಿಗೆ ತಕ್ಕಡಿಯೇ ಇಲ್ಲ. ನಾಲ್ಕು ಗಿಡವಿರಲಿ ನಾನೂರಿರಲಿ, 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಗೊತ್ತಿದ್ದೂ ಹೊಲ ಬಿಟ್ಟುಕೊಟ್ಟವನಿಗೂ ಅದೇ ಶಿಕ್ಷೆ.

ದೇವದುರ್ಗ ಕಡೆಯ ಒಬ್ಬ ಅಜ್ಜ ನನ್ನ ಕಕ್ಷಿದಾರರಾಗಿದ್ದರು. ಮೆಣಸಿನಕಾಯಿ ಸಾಲಿನಲ್ಲಿ ಹಾಕಿದ್ದರು. ಬೀಜ ಕೊಟ್ಟವನ ಹೆಸರೇನೆಂದು ಕೇಳಿದರೆ ‘ಬೈಕಿನ ತಮ್ಮ’ ಎಂದರು. ಅಷ್ಟೇ ಗೊತ್ತು! ಪಹಣಿಯಲ್ಲಿದ್ದದ್ದು ಅಜ್ಜನ ಹೆಸರು. ಜೈಲಿಗೆ ಹೋದವರೂ ಅಜ್ಜನೇ.

ತಿಂಥಣಿ ಜಾತ್ರೆಯಲ್ಲಿ ಸಾಧುಗಳು ಚಿಲುಮೆ ಸೇದುವುದನ್ನು ಕಂಡವರಿಗೆ ಗಾಂಜಾ ಅಂದರೆ ಮಹಾಪಾಪ ಅನ್ನಿಸುವುದಿಲ್ಲ. ನನಗೂ ಅನ್ನಿಸಿಲ್ಲ. ಕಾನೂನು ಸಡಿಲವಾಗಲಿ ಎನ್ನುವವನೇ ನಾನು. ಆದರೆ ಅರ್ಧ ಸಡಿಲವಾದರೆ ದಂಧೆಯವನಿಗೇ ಹಬ್ಬ. ನೆದರ್ಲೆಂಡ್ಸ್ ನೋಡಿ: 1976ರಿಂದ ‘ಕಾಫಿಶಾಪ್’ ಎಂಬ ಅಂಗಡಿಗಳಲ್ಲಿ ಗಿರಾಕಿ ಗಾಂಜಾ ಕೊಳ್ಳುವುದಕ್ಕೆ ಕಣ್ಣುಮುಚ್ಚಿದರು, ಅಂಗಡಿಗೆ ಮಾಲು ಬೆಳೆದುಕೊಡುವುದು ಮಾತ್ರ ಅಪರಾಧವಾಗಿಯೇ ಉಳಿಯಿತು. ಮುಂಬಾಗಿಲಲ್ಲಿ ವ್ಯಾಪಾರ, ಹಿತ್ತಲ ಬಾಗಿಲಲ್ಲಿ ಗ್ಯಾಂಗು. ಜರ್ಮನಿ 2024ರ ಏಪ್ರಿಲ್‌ನಲ್ಲಿ ಮನೆಯಲ್ಲಿ ಮೂರು ಗಿಡಕ್ಕೆ ಅನುಮತಿ ಕೊಟ್ಟಿತು, ಅಂಗಡಿಗೆ ಕೊಡಲಿಲ್ಲ. ಕೆನಡಾ 2018ರಲ್ಲಿ ಬೆಳೆಯಿಂದ ಅಂಗಡಿವರೆಗೆ ಪರವಾನಗಿ ಕೊಟ್ಟಿತು. ಅಲ್ಲಿ ಕಳ್ಳಪೇಟೆ ಕುಗ್ಗಿದೆ, ಸತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ, ಲೈಸೆನ್ಸಿನ ಖರ್ಚು ಎಷ್ಟೆಂದರೆ ಕಳ್ಳಮಾಲೇ ಅಗ್ಗ.

ನಮ್ಮಲ್ಲಿ ಪರವಾನಗಿ ಬಂತೆನ್ನಿ. ಐದು ಎಕರೆಯವರಿಗೆ ಅದು ಕೈಗೆಟುಕಬೇಕು. ಎಟುಕದಿದ್ದರೆ ಲೈಸೆನ್ಸು ದೊಡ್ಡವರಿಗೆ, ನಿಮ್ಮ ಬಳಿಗೆ ಮತ್ತೆ ಬೈಕಿನ ತಮ್ಮನೇ.

ಇನ್ನೊಂದು ಮಾತು. ನಿಮ್ಮ ಹೊಲದಲ್ಲಿ ಯಾರೋ ಹಾಕಿದ ಗಿಡ ಕಣ್ಣಿಗೆ ಬಿದ್ದರೆ ತಕ್ಷಣ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸುವುದು ಜಮೀನಿನವರ ಕರ್ತವ್ಯ, ಅದೇ ಕಾಯ್ದೆಯ ಕಲಂ 46. ಬಾಯಿಮಾತಿನಲ್ಲಿ ಬಿಡಬೇಡಿ, ಬರೆದುಕೊಟ್ಟು, ನಕಲಿನ ಮೇಲೆ ಸಹಿ, ಸೀಲು ಹಾಕಿಸಿಕೊಂಡು ಪಹಣಿ ಜೊತೆಗೇ ಇಟ್ಟುಕೊಳ್ಳಿ.