ದೊಡ್ಡ ಹಳೇ ಕಂಪನಿ, ಕೋಬಾಲ್ ಕೋಡ್, ಎರಡು ಸಾಲು ಬದಲಿಸಲು ಮೂರು ವಾರ. ಕೆಲಸ ಬಿಡಲಾ, ಎಲ್ಲವನ್ನೂ ಜಾವಾದಲ್ಲಿ ಹೊಸದಾಗಿ ಬರೆಯೋಣ ಅನ್ನಲಾ?

ಮೂರು ವಾರ ಅಂತ ನಾನೂ ಹೀಗೇ ಗೊಣಗಿದವನು. ನನಗೆ ಬಂದದ್ದೂ ಅಂಥದ್ದೇ ಕೆಲಸ: ಬಿಲ್ಲಿಂಗ್ ಫೈಲಿನಲ್ಲಿ ಬಾಕಿ ಮೊತ್ತದ ಫೀಲ್ಡ್ ಐದಂಕಿಯದು, ಏಳಂಕಿಗೆ ಹಿಗ್ಗಿಸಬೇಕು. ಕಾಪಿಬುಕ್ಕಿನಲ್ಲಿ (ರೆಕಾರ್ಡಿನ ಲೇಔಟ್ ಬರೆದಿಟ್ಟ, ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ತುಣುಕು) ಎಸ್9(5), ಅಂದರೆ ಚಿಹ್ನೆ ಸಮೇತ ಐದಂಕಿ, ಇದ್ದದ್ದು ಎಸ್9(7) ಆಗಬೇಕು, ಅಷ್ಟೇ.

ಅದು ಕಾಂಪ್-3, ಅಂಕಿಗಳನ್ನು ಒತ್ತೊತ್ತಾಗಿ ತುಂಬಿಡುವ ರೂಪ. ಒಂದು ಬೈಟಿಗೆ ಎರಡಂಕಿ, ಕೊನೆಯ ಅರ್ಧ ಬೈಟು ಪ್ಲಸ್-ಮೈನಸ್ ಚಿಹ್ನೆಗೆ. ಹಾಗಾಗಿ ಐದಂಕಿಗೆ 3 ಬೈಟ್, ಏಳಂಕಿಗೆ 4. ರೆಕಾರ್ಡ್ 80 ಬೈಟಿನದು, ಕೊನೆಯಲ್ಲಿ ಫಿಲ್ಲರ್, ಅಂದರೆ ಮುಂದಕ್ಕೆಂದು ಬಿಟ್ಟ ಜಾಗ, ಖಾಲಿ ಬಿದ್ದಿತ್ತು. ಅದರಿಂದ ಒಂದು ಬೈಟ್ ಕಿತ್ತುಕೊಂಡೆ. ಒಟ್ಟು ಉದ್ದ 80ಕ್ಕೇ ನಿಂತಿತು, ಇನ್ಯಾರಿಗೆ ತೊಂದರೆ ಅಂದುಕೊಂಡೆ.

ತಪ್ಪಿದ್ದು ಅಲ್ಲೇ. ಫೀಲ್ಡ್ ಶುರುವಾಗುವುದು 11ನೇ ಬೈಟಿನಿಂದ, ಅದು ಮುಗಿದಲ್ಲಿಂದ ಗ್ರಾಹಕರ ಹೆಸರು. 12345 ಅನ್ನುವ ಮೊತ್ತ ಮೊದಲು ‘12 34 5ಸಿ’ (ಸಿ ಅಂದರೆ ಪ್ಲಸ್) ಎಂದು ಕೂತಿರುತ್ತಿತ್ತು, ಈಗ ‘00 12 34 5ಸಿ’. ಕಾಪಿಬುಕ್ ಕಂಪೈಲ್ ಆಗುವಾಗಲೇ ಪ್ರೋಗ್ರಾಮಿನೊಳಗೆ ಸೇರಿಬಿಡುವುದರಿಂದ, ಮತ್ತೆ ಕಂಪೈಲ್ ಮಾಡದ ಪ್ರೋಗ್ರಾಮಿಗೆ ಹಳೇ ಅಳತೆಯೇ ಗತಿ. ಅದು ಮೂರೇ ಬೈಟ್ ಓದಿತು: ‘00 12 34’. ಚಿಹ್ನೆ ಇರಬೇಕಾದ ಕಡೆ 4! ಅದನ್ನು ಕೂಡಲು ಹೋದ ಜಾಬ್ ರಾತ್ರಿ ಎಸ್‌0ಸಿ7 (ಅಂಕಿ ಸರಿಯಿಲ್ಲ ಎಂಬ ದೋಷ) ಕೊಟ್ಟು ಬಿತ್ತು. ಬಿದ್ದದ್ದೇ ಒಳ್ಳೆಯದಾಯಿತು ಅನ್ನಿ. ಇನ್ನೊಂದು ಪ್ರೋಗ್ರಾಂ ಲೆಕ್ಕ ಮಾಡುತ್ತಿರಲಿಲ್ಲ, ಹೆಸರನ್ನಷ್ಟೇ ಅಚ್ಚು ಹಾಕುತ್ತಿತ್ತು. ಮಿಕ್ಕ ಒಂದು ಬೈಟು ಅಲ್ಲಿ ಹೆಸರಿನ ಮೊದಲಕ್ಷರವಾಯಿತು. ಈ ಯಂತ್ರದ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ 5ಸಿ ಅಂದರೆ *, 6ಸಿ ಅಂದರೆ %, 7ಸಿ ಅಂದರೆ @. ಬಾಕಿಯ ಕೊನೆಯಂಕಿ 5 ಇದ್ದವರ ಹೆಸರಿಗೆಲ್ಲ ನಕ್ಷತ್ರ, 7 ಇದ್ದವರಿಗೆ @. ಜಾಬ್ ಮಾತ್ರ ‘ಯಶಸ್ವಿ’.

ಉದ್ದ 81 ಆಗಿದ್ದರೆ ಫೈಲ್ ತೆರೆಯುವಾಗಲೇ ಸ್ಟೇಟಸ್ 39 (ಅಳತೆ ಹೊಂದುತ್ತಿಲ್ಲ ಎಂಬ ದೋಷ) ಬಂದು ಸಿಕ್ಕಿಬೀಳುತ್ತಿದ್ದೆ. 80ಕ್ಕೇ ಹೊಂದಿಸಿದ ಜಾಣತನವೇ ತಪ್ಪನ್ನು ಮುಚ್ಚಿಟ್ಟಿತು.

ಆ ಫೈಲ್ ಓದುವ ಪ್ರೋಗ್ರಾಂಗಳನ್ನು ಮೊದಲೇ ಹುಡುಕಲಿಲ್ಲವೇ ಅಂದರೆ, ಹುಡುಕಿದ್ದೆ, ಕಾಪಿಬುಕ್ಕಿನ ಹೆಸರು ಹಿಡಿದು. ಆದರೆ ಯಾರೋ ಎಂದೋ ಅದೇ ಲೇಔಟನ್ನು ತಮ್ಮ ಪ್ರೋಗ್ರಾಮಿನಲ್ಲೇ ಕೈಯಾರೆ ಬರೆದುಕೊಂಡಿದ್ದರು. ಫೈಲನ್ನು ಕ್ರಮವಾಗಿ ಜೋಡಿಸಲು ಹೇಳುವ ಸಾರ್ಟ್ ಕಾರ್ಡಿನಲ್ಲಂತೂ ಹೆಸರೇ ಇರುವುದಿಲ್ಲ. (11,3,ಪಿಡಿ,ಎ) ಅಂತಿರುತ್ತದೆ, ಅಂದರೆ 11ನೇ ಬೈಟಿನಿಂದ ಮೂರು ಬೈಟ್, ಕಾಂಪ್-3 ರೂಪ, ಏರಿಕೆ ಕ್ರಮ. ಹುಡುಕಬೇಕಾದದ್ದು ಡೇಟಾಸೆಟ್ಟಿನ (ಅಂದರೆ ಫೈಲಿನ) ಹೆಸರನ್ನು, ಜಾಬ್ ಓಡಿಸುವ ಆದೇಶಗಳಾದ ಜೆಸಿಎಲ್‌ನಲ್ಲಿ, ಬೇರೆ ತಂಡಗಳ ಲೈಬ್ರರಿಗಳಲ್ಲೂ.

ಮಾಡಬೇಕಿದ್ದದ್ದು ಇಷ್ಟು. ಹಳೇ 3 ಬೈಟನ್ನು ಮುಟ್ಟಬೇಡಿ. ಫಿಲ್ಲರ್‌ನಿಂದ 4 ಬೈಟ್ ತೆಗೆದು ಅಲ್ಲೇ ಹೊಸ ಫೀಲ್ಡ್ ಮಾಡಿ. ಬರೆಯುವ ಪ್ರೋಗ್ರಾಂ ಕೆಲಕಾಲ ಎರಡರಲ್ಲೂ ಬರೆಯಲಿ, ಓದುವವುಗಳನ್ನು ಒಂದೊಂದಾಗಿ ಹೊಸದರ ಕಡೆ ತಿರುಗಿಸಿ. ಕೊನೆಯದೂ ತಿರುಗುವವರೆಗೆ ಐದಂಕಿ ಮೀರಿದ ಮೊತ್ತವನ್ನು ಒಳಗೆ ಬಿಡಬೇಡಿ. ಬಿಟ್ಟರೆ ಹಳೇ ಫೀಲ್ಡ್ ಎಡಗಡೆಯ ಅಂಕಿಗಳನ್ನು ಸದ್ದಿಲ್ಲದೆ ನುಂಗುತ್ತದೆ.

ಬಿಡಲಾ, ಜಾವಾಗೆ ಹೋಗಲಾ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಜಾವಾದಲ್ಲಿ ಬರೆದರೂ 11ನೇ ಬೈಟು ಓದುವವರು ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಮೂರು ವಾರದಲ್ಲಿ ಎರಡು ವಾರ ಬರೀ ಸಹಿಗೆ ಕಾಯುವುದಾದರೆ ಮ್ಯಾನೇಜರ್ ಹತ್ತಿರ ಜಗಳ ಆಡಿ. ಫೈಲನ್ನು ಯಾರ್‍ಯಾರು ಓದುತ್ತಾರೆಂಬ ಪಟ್ಟಿಗೆ ಹೋಗುತ್ತಿದ್ದರೆ ಮೂರು ವಾರ ಕಡಿಮೆಯೇ. ಆ ಪಟ್ಟಿಗೆ ಮೊದಲು ರಾತ್ರಿ ಪಾಳಿಯ ಆಪರೇಟರುಗಳನ್ನು ಕೇಳಿ. ಯಾವ ಜಾಬ್ ಯಾವುದರ ಬೆನ್ನಿಗೆ ಓಡುತ್ತದೆ ಅನ್ನುವುದು ಅವರಿಗೆ ಬಾಯಿಪಾಠ.